ಕವರಿನ ಒಳಮೈ

ನಾನು ಇಪ್ಪತ್ತಾರು ವರ್ಷ ಬೈಂಡಿಂಗ್ ಕೆಲಸ ಮಾಡಿದವಳು. ಒಂದು ಮೈ ಖಾಲಿ ಇರುವ ಹಾಳೆಯನ್ನು ಯಾರಾದರೂ ಕಸದ ಬುಟ್ಟಿಗೆ ಹಾಕಿದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ. ಮಗಳ ಮನೆಯಲ್ಲಿ ಮಂಚದ ಕೆಳಗೆ ನನ್ನದೊಂದು ರಟ್ಟಿನ ಪೆಟ್ಟಿಗೆ ಇತ್ತು. ಔಷಧಿ ಡಬ್ಬಿಗಳ ರಟ್ಟು, ಅಂಗಿಯ ಜೊತೆ ಬರುವ ಪ್ಲಾಸ್ಟಿಕ್ಕು, ಹಳೆಯ ಕ್ಯಾಲೆಂಡರು, ಯಾರದೋ ಮದುವೆಯ ಕರೆಯೋಲೆ, ರಿಬ್ಬನ್ನಿನ ತುಂಡು, ಎಲ್ಲ ಅದರೊಳಗೆ. ಯಾರ ಹುಟ್ಟುಹಬ್ಬ ಬಂದರೂ ಉಡುಗೊರೆ ಆ ಪೆಟ್ಟಿಗೆಯಿಂದಲೇ ಹುಟ್ಟಬೇಕು. ಕಸದಿಂದ ರಸ ಎಂದು ನಾನು ಜಂಬ ಕೊಚ್ಚಿದರೆ ಮಗಳು, "ರಸ ಯಾವತ್ತೋ ಮುಗೀತಮ್ಮ, ಈಗ ಬರೀ ಕಸ ಉಳಿದಿದೆ," ಎಂದು ನಗುತ್ತಿದ್ದಳು. ಅವಳು ನಗುವುದೇ ಅಪರೂಪವಾಗಿದ್ದರಿಂದ ನಾನು ಎದುರು ಮಾತಾಡುತ್ತಿರಲಿಲ್ಲ.

ನಾವು ಮೂವರು, ನಾನು, ಮಗಳು, ಏಳು ವರ್ಷದ ಮೊಮ್ಮಗಳು, ಆ ಊರಿಗೆ ಬಂದು ಎಂಟು ತಿಂಗಳಾಗಿತ್ತು. ಬಂದದ್ದು ಎಂದರೆ ಓಡಿ ಬಂದದ್ದು. ಅಳಿಯನದು ಕನ್ನಡಕದ ಅಂಗಡಿ. ಗಿರಾಕಿಗಳ ಕಿವಿಯ ಮೇಲೆ ಕಡ್ಡಿ ಕೂರಿಸುವಾಗ, ನೋವಾಯ್ತಾ ಎಂದು ಎರಡೆರಡು ಸಲ ಕೇಳುವ ಮನುಷ್ಯ. ಬೀದಿಯವರೆಲ್ಲ ಇಂಥ ಅಳಿಯ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎನ್ನುತ್ತಿದ್ದರು. ಅದೇ ಕೈ ನನ್ನ ಮಗಳ ಕಿರುಬೆರಳನ್ನು ಬೀರುವಿನ ಸಂದಿಯಲ್ಲಿಟ್ಟು ಬಾಗಿಲು ಮುಚ್ಚಿತ್ತು. ಸಿಟ್ಟಿನಲ್ಲಿ ಅಲ್ಲ, ನಿಧಾನವಾಗಿ. ಅವನು ಮೊದಲ ಸಲ ಹೊಡೆದಾಗ, ಹೊಂದಿಕೊಂಡು ಹೋಗು ಎಂದು ಬುದ್ಧಿ ಹೇಳಿದವಳು ನಾನೇ. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಈ ಕಥೆಗೆ ಅರ್ಥವಿಲ್ಲ. ಪೊಲೀಸ್ ಠಾಣೆಗೆ ದೂರು ಕೊಡಲು ಹೋದಾಗ ಅಲ್ಲಿಯವರು ಅವನಿಗೇ ಕುರ್ಚಿ ಹಾಕಿ ಕೂರಿಸಿದರು. ಆಮೇಲೆ ಮಗಳು ಯಾರನ್ನೂ ಕೇಳಲಿಲ್ಲ, ಹೊರಟುಬಿಟ್ಟಳು. ನನ್ನನ್ನೂ ಕರೆದುಕೊಂಡಳು.

ಹೊಸ ಊರಿನಲ್ಲಿ ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮಹಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಮನೆಯಲ್ಲಿ ಇದ್ದದ್ದು ಒಂದೇ ಕಟ್ಟಳೆ: ನಾವು ಎಲ್ಲಿದ್ದೇವೆ ಎಂದು ಅವನಿಗೆ ತಿಳಿಯಬಾರದು. ಫೋನು ನಂಬರು ಬದಲಾಯಿತು, ನೆಂಟರೊಂದಿಗೆ ಮಾತು ನಿಂತಿತು.

ಆದರೆ ಮಗುವಿಗೆ ಅಪ್ಪ ಅಪ್ಪನೇ. ಅವಳ ಮೇಲೆ ಅವನು ಯಾವತ್ತೂ ಕೈ ಎತ್ತಿರಲಿಲ್ಲ. ಅಪ್ಪನ ಹುಟ್ಟುಹಬ್ಬ ಹತ್ತಿರ ಬಂದಂತೆ ಅವಳು ಮಂಕಾದಳು, ತಟ್ಟೆಯಲ್ಲಿ ಅರ್ಧ ಬಿಡತೊಡಗಿದಳು. ಒಂದು ದಿನ, "ಒಂದು ಕಾರ್ಡ್ ಕಳಿಸಿದ್ರೆ ಅಪ್ಪಂಗೆ ನಾವು ಸತ್ತಿಲ್ಲ ಅಂತಾದ್ರೂ ಗೊತ್ತಾಗತ್ತೆ," ಎಂದಳು. ಏಳು ವರ್ಷದ ಬಾಯಲ್ಲಿ ಆ ಮಾತು! ಮಗಳು ಎರಡು ದಿನ ಯೋಚಿಸಿ ಒಪ್ಪಿದಳು. ಒಪ್ಪಿದ ಮೇಲೆ ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ಎಚ್ಚರಿಕೆಯಿಂದ ಎಲ್ಲ ಗೊತ್ತು ಮಾಡಿದಳು. ಕಾರ್ಡಿನಲ್ಲಿ ಊರಿನ ಸುದ್ದಿ ಇರಬಾರದು, ಶಾಲೆಯ ಸುದ್ದಿ ಇರಬಾರದು. ಅಂಗಡಿಗೆ ಔಷಧಿ ತರುವ ವ್ಯಾನಿನ ಡ್ರೈವರಮ್ಮ ನೂರಾರು ಮೈಲಿ ಸುತ್ತುವವಳು, ಅವಳ ಕೈಗೆ ಕೊಟ್ಟು ಎಲ್ಲೋ ದೂರದ ಊರಿನ ಅಂಚೆ ಡಬ್ಬಿಗೆ ಹಾಕಿಸಬೇಕು.

ಆ ಭಾನುವಾರ ನಾನು ಮತ್ತು ಮೊಮ್ಮಗಳು ನೆಲದ ಮೇಲೆ ಹಳೆ ಪೇಪರು ಹಾಸಿ ಕೂತೆವು. ಹಿಟ್ಟು ಕಾಯಿಸಿ ಅಂಟು ಮಾಡಿದೆ. ಮಡಿಕೆಯ ಮೇಲೆ ಚಮಚದ ಹಿಂಬದಿಯಿಂದ ತೀಡುವುದನ್ನು ಕಲಿಸಿದೆ. ಕಾರ್ಡು ಬಿಡಿಸಿದರೆ ಒಂದು ಕನ್ನಡಕ ಎದ್ದು ನಿಲ್ಲಬೇಕು ಎಂದು ಅವಳ ಹಟ. ಔಷಧಿ ಡಬ್ಬಿಯ ರಟ್ಟಿನಲ್ಲಿ ಚೌಕಟ್ಟು ಕತ್ತರಿಸಿದೆವು, ಅಂಗಿ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕು ಗಾಜಾಯಿತು. ಒಂದು ಗಾಜಿನ ಹಿಂದೆ ಅವಳ ಚಿತ್ರ, ಇನ್ನೊಂದರ ಹಿಂದೆ ಕಿಟಕಿಯ ಚಿತ್ರ. ಮೂರು ಸಲ ಕುಸಿದು ನಾಲ್ಕನೆಯ ಸಲ ಕನ್ನಡಕ ಎದ್ದು ನಿಂತಾಗ ಮಗು ಚಪ್ಪಾಳೆ ತಟ್ಟಿದಳು. ನನಗೂ ಹೆಮ್ಮೆಯಾಯಿತು. ಯಾರಿಗಾಗಿ ಮಾಡುತ್ತಿದ್ದೇನೆ ಎಂಬುದು ಆ ಗಳಿಗೆಯಲ್ಲಿ ಮರೆತೇ ಹೋಗಿತ್ತು, ಕೈಕೆಲಸದ ಗೀಳೇ ಹಾಗೆ.

ಮಗಳು ಬಂದು ಒಂದೊಂದು ಅಕ್ಷರವನ್ನೂ ಓದಿದಳು. ಕಿಟಕಿಯ ಚಿತ್ರದಲ್ಲಿ ಮಗು ಎದುರಿನ ನೀರಿನ ಟ್ಯಾಂಕನ್ನು ಬರೆದಿದ್ದಳು. ಮಗಳು ಅದರ ಮೇಲೊಂದು ಮರ ಬರೆದು ಮುಚ್ಚಿದಳು. ಅಂಗಡಿಯಿಂದ ತಂದ ಕವರಿನಲ್ಲಿ ಕಾರ್ಡು ಹಿಡಿಸಲಿಲ್ಲ, ರಟ್ಟಿನ ದಪ್ಪಕ್ಕೆ ಬಾಯಿ ಮುಚ್ಚುತ್ತಿರಲಿಲ್ಲ.

"ಹಾಗಾದ್ರೆ ಕವರ್ ನೀನೇ ಮಾಡಮ್ಮ. ನೋಡ್ಕೊಂಡು ಮಾಡು," ಎಂದು ಹೇಳಿ ಅವಳು ಬಟ್ಟೆ ಒಗೆಯಲು ಹೋದಳು.

ನೋಡಿಕೊಂಡು ಮಾಡದೆ ಏನು? ನಾನು ಮಡಿಸಿದ ಕವರುಗಳನ್ನು ಸಾಲಾಗಿ ಹಾಸಿದರೆ ಬೇರೆ ಊರು ಮುಟ್ಟುತ್ತವೆ. ಪೆಟ್ಟಿಗೆಯಿಂದ ಒಂದು ದಪ್ಪ ಹಾಳೆ ಸಿಕ್ಕಿತು, ಬರೆದ ಮೈ ಒಳಗೆ, ಖಾಲಿ ಮೈ ಹೊರಗೆ ಮಾಡಿ, ಬೇಕಾದಷ್ಟು ಕತ್ತರಿಸಿ ಮಡಿಸಿದೆ. ನನ್ನ ಜೀವಮಾನದಲ್ಲಿ ಕವರು ಮಾಡಿದ್ದೇ ಹಾಗೆ. ಮೂಲೆಗಳು ಎಷ್ಟು ಚೊಕ್ಕವಾಗಿ ಕೂತವೆಂದರೆ ಮಗಳೂ ಹೊಗಳಿದಳು. ಬುಧವಾರ ವ್ಯಾನು ಅದನ್ನು ಒಯ್ದಿತು.

ಶುಕ್ರವಾರ ಸಂಜೆ ಮಗಳು ಕೇಳಿದಳು, "ಅಮ್ಮ, ಶಾಲೆಯಿಂದ ಒಂದು ನೋಟೀಸು ಕೊಟ್ಟಿದ್ರಲ್ಲ, ವಾರ್ಷಿಕೋತ್ಸವಕ್ಕೆ ಯಾವ ಬಣ್ಣದ ಬಟ್ಟೆ ಅಂತ. ನೋಡಿದ್ಯಾ?"

ಪೆಟ್ಟಿಗೆ ಎಳೆದು ಹುಡುಕಿದೆ. ನೋಟೀಸು ಇತ್ತು. ಅರ್ಧ ಇತ್ತು. ಮುಖ್ಯೋಪಾಧ್ಯಾಯಿನಿಯ ಸಹಿ ಇರುವ ಕೆಳಗಿನ ತುಂಡು. ಶಾಲೆಯ ಹೆಸರು, ಬೀದಿ, ಊರು ಅಚ್ಚಾಗಿದ್ದ ಮೇಲಿನ ತುಂಡು ಇರಲಿಲ್ಲ. ಅದು ಎಲ್ಲಿದೆ ಎಂದು ನನ್ನ ಕೈಗೆ ನನಗಿಂತ ಮೊದಲು ಗೊತ್ತಾಯಿತು, ಉಳಿದ ತುಂಡನ್ನು ಪೆಟ್ಟಿಗೆಯ ತಳಕ್ಕೆ ತುರುಕಿತು.

"ಸಿಕ್ತಾ?" ಮಗಳು ಒಳಗಿನಿಂದ ಕೂಗಿದಳು.

"ಇಲ್ಲ ಕಣೆ. ನಾನ್ಯಾಕೆ ನೋಡ್ಲಿ ನಿಮ್ಮ ಶಾಲೆ ಕಾಗದಾನ," ಎಂದೆ.

ಯಾಕೆ ಹಾಗೆಂದೆ? ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು ಮಾನ. ಪೆಟ್ಟಿಗೆ ಎಸಿ ಎಂದು ಅವಳು ಎಷ್ಟು ಸಲ ಹೇಳಿದ್ದಳು, ನಾನು ಎಷ್ಟು ಸಲ ಮೂಗು ಮುರಿದಿದ್ದೆ! ಎಲ್ಲಾ ಜಾಣ, ತುಸು ಕೋಣ ಎನ್ನುವ ಹಾಗೆ, ಎಲ್ಲವನ್ನೂ ಕಲಿತ ಕೈ ಹಾಳೆ ತಿರುಗಿಸಿ ಓದುವುದನ್ನು ಮರೆತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. ಆಮೇಲೆ ಸಮಾಧಾನಗಳು ಒಂದರ ಹಿಂದೆ ಒಂದು ಬಂದವು. ಕವರಿನ ಹೊಟ್ಟೆಯೊಳಗೆ ಯಾರು ಇಣುಕುತ್ತಾರೆ? ಬಾಯಿ ಹರಿದು ಕಾರ್ಡು ತೆಗೆದು ಕವರು ಬಿಸಾಡುತ್ತಾರೆ. ಅಂಚೆಯಲ್ಲೇ ಕಳೆದುಹೋಗಲೂಬಹುದು. ಇಲ್ಲದ ಗುಮ್ಮನನ್ನು ಕರೆದು ಮಗಳ ನೆಮ್ಮದಿ ಏಕೆ ಕೆಡಿಸಲಿ? ಈ ಕೊನೆಯ ಮಾತು ಎಷ್ಟು ಚೆನ್ನಾಗಿತ್ತೆಂದರೆ ನಾನೇ ನಂಬಿದೆ.

ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ. ನಾನು ಬಾಯಿ ತೆರೆಯಲಿಲ್ಲ.

ಬುಧವಾರ ಮೂರೂವರೆಗೆ ಎಂದಿನಂತೆ ಮೊಮ್ಮಗಳನ್ನು ಕರೆತರಲು ಶಾಲೆಗೆ ಹೋದೆ. ಗೇಟಿನ ಕಾವಲುಗಾರ ನಗುತ್ತ, "ಇವತ್ತು ನಿಮಗೆ ರಜಾ ಅಜ್ಜಿ. ಅವರಪ್ಪನೇ ಬಂದಿದ್ರಲ್ಲ! ಮಗು ಓಡಿಹೋಗಿ ತಬ್ಕೊಂಡ್ಬಿಡ್ತು. ಪಾಪ, ಎಷ್ಟು ಮರ್ಯಾದಸ್ಥರು," ಎಂದ.

ನಾನು ಮನೆಗೆ ಹೇಗೆ ಬಂದೆನೋ ತಿಳಿಯದು. ಮೆಟ್ಟಿಲ ಮೇಲೆ ಅವನು ಕೂತಿದ್ದ. ಪಕ್ಕದಲ್ಲಿ ಮೊಮ್ಮಗಳು, ಮಡಿಲಲ್ಲಿ ಹೊಸ ಬಣ್ಣದ ಪೆನ್ಸಿಲ್ಲಿನ ಡಬ್ಬಿ. ದಾರಿ ತೋರಿಸಿದವಳು ಅವಳೇ, ಅಪ್ಪನ ಕೈ ಹಿಡಿದುಕೊಂಡು.

"ಬನ್ನಿ ಅತ್ತೆ," ಅವನು ಎದ್ದು ನಿಂತ. "ಸುಸ್ತಾಗಿದೀರಿ. ನಿಧಾನ."

ಮಗಳು ಕೆಲಸದಿಂದ ಬರುವವರೆಗೆ ಅವನು ಒಳಗೆ ಕುರ್ಚಿಯಲ್ಲಿ ಕೂತು ಮಗುವಿಗೆ ಬಣ್ಣ ತುಂಬಲು ಹೇಳಿಕೊಟ್ಟ. ಓಡಿಹೋಗಿ ಅವಳನ್ನು ದಾರಿಯಲ್ಲೇ ತಡೆಯಬೇಕೆನಿಸಿತು. ಮಗುವನ್ನು ಅವನೊಬ್ಬನ ಹತ್ತಿರ ಬಿಟ್ಟು ಹೇಗೆ ಹೋಗಲಿ? ಫೋನು ಎತ್ತಿಕೊಂಡೆ. ಅವನು ತಲೆಯೆತ್ತದೆ, "ಬೇಡ ಅತ್ತೆ. ಅವಳು ಆರಾಮಾಗಿ ಬರ್ಲಿ," ಎಂದ. ಇಟ್ಟುಬಿಟ್ಟೆ.

ಮಗಳು ಬಾಗಿಲಲ್ಲೇ ನಿಂತಳು. ಅವನು ಜೇಬಿನಿಂದ ಕವರು ತೆಗೆದ. ಅಂಟನ್ನು ಎಲ್ಲೂ ಹರಿಯದೆ ಬಿಡಿಸಿ ಹಾಳೆಯನ್ನು ಚಪ್ಪಟೆ ಮಾಡಿದ್ದ. ಮೇಜಿನ ಮೇಲೆ ಹರಡಿ ಅಂಗೈಯಿಂದ ಸವರಿದ.

"ಅತ್ತೆ ಕರೆದ್ರು, ಬಂದೆ," ಎಂದ. "ಕವರ್ ನೋಡಿದ ಕೂಡ್ಲೇ ಯಾರ ಕೆಲಸ ಅಂತ ಗೊತ್ತಾಯ್ತು. ಅತ್ತೆ ಯಾವತ್ತಾದ್ರೂ ಹೊಸ ಕಾಗದ ಮುಟ್ಟಿದ್ದುಂಟಾ? ಒಳಗೆ ಏನಾದ್ರೂ ಇದ್ದೇ ಇರತ್ತೆ ಅಂತ ಬಿಡಿಸಿದೆ."

ಮಗಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಅವನು ಕೂಗಾಡಲಿಲ್ಲ. ಮನೆ ಚೆನ್ನಾಗಿದೆ, ಗಾಳಿ ಬೆಳಕು ಇದೆ ಎಂದ. ಹೊರಡುವಾಗ ಮಗಳ ಎಡಗೈ ಎತ್ತಿ, ಸೊಟ್ಟಗೆ ಕೂಡಿದ್ದ ಕಿರುಬೆರಳನ್ನು ಎರಡು ಬೆರಳ ನಡುವೆ ಹಿಡಿದು, "ಪೂರ್ತಿ ವಾಸಿಯಾಯ್ತಾ?" ಎಂದು ಕೇಳಿದ. "ನಾಳೆ ಬರ್ತೀನಿ. ಸಾಮಾನು ಕಟ್ಟಿಡಿ, ಎಲ್ಲರೂ ಒಟ್ಟಿಗೆ ಮನೆಗೆ ಹೋಗೋಣ." ಮೊಮ್ಮಗಳು ಕಿಟಕಿಯಿಂದ ಕೈ ಬೀಸಿದಳು.

ಅವನು ಬೀದಿಯ ತಿರುವು ದಾಟಿದ ಮೇಲೆ ಮಗಳು ಮಗುವನ್ನು ಒಳಕೋಣೆಗೆ ಕಳಿಸಿ ನನ್ನೆದುರು ಕೂತಳು.

"ನೀನೇ ಕರೆದ್ಯಾ?"

"ನಿನ್ನಾಣೆ ಇಲ್ಲ. ಹಾಳೆ ತಿರುಗಿಸಿ ನೋಡ್ಲಿಲ್ಲ ಕಣೆ."

"ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಈಗ ತಾನೇ ಎನ್ನಬಹುದಿತ್ತು. "ಶುಕ್ರವಾರ," ಎಂದೆ.

"ಶನಿವಾರ ನಂಗೆ ರಜೆ ಇತ್ತು," ಎಂದಳು. "ಭಾನುವಾರ ಪಾರ್ಕಿಗೆ ಹೋಗಿದ್ವಿ. ಸೋಮವಾರ ನೀನು ನನ್ನ ತಲೆ ಬಾಚ್ದೆ, ಅರ್ಧ ಗಂಟೆ. ಆಗ್ಲೂ ಬಾಯಿ ಬರ್ಲಿಲ್ವಾ ಅಮ್ಮ?"

"ಬೈತೀಯ ಅಂತ..."

"ಬೈತಿದ್ದೆ. ಬೈದು ಗಂಟುಮೂಟೆ ಕಟ್ತಿದ್ದೆ. ಮೂರೂ ಜನ ಹೋಗ್ತಿದ್ವಿ."

"ಈಗ?"

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಕಾಲಾದರೂ ಹಿಡಿದುಕೊಳ್ಳುತ್ತಿದ್ದೆ. "ಕವರ್ ನೀನು ಬೇಕಂತ ಮಾಡಿಲ್ಲ. ಅದು ನಂಗೊತ್ತು. ಸುಮ್ನೆ ಇದ್ದದ್ದು ಬೇಕಂತಲೇ ಅಲ್ವಾ?" ಎಂದಳು.

ನಾನು ಮೇಜಿನ ಮೇಲಿದ್ದ ಹಾಳೆಯನ್ನು ಹಳೆಯ ಮಡಿಕೆಗಳಲ್ಲೇ ಮಡಿಸಿಟ್ಟೆ.

ಬೆಳಗ್ಗೆ ಐದಕ್ಕೆ ಔಷಧಿ ವ್ಯಾನು ಹಿಂದಿನ ಬೀದಿಯಲ್ಲಿ ಬಂದು ನಿಂತಿತು. ಎರಡು ಚೀಲ, ಒಂದು ಹೊದಿಕೆ, ಅಷ್ಟೇ. ಯಾವ ಊರು ಎಂದು ಅವಳು ಹೇಳಲಿಲ್ಲ. ಫೋನಾದರೂ ಮಾಡುತ್ತೀಯಾ ಎಂದು ಕೇಳಿದೆ. "ಮಾಡ್ತೀನಿ. ಯಾವಾಗ ಅಂತ ಕೇಳ್ಬೇಡ," ಎಂದಳು. ಮೊಮ್ಮಗಳು ಅರೆನಿದ್ದೆಯಲ್ಲಿ ಅಮ್ಮನ ಹೆಗಲ ಮೇಲಿಂದ ನನ್ನ ಕಾಲು ನೋಡಿ, "ಅಮ್ಮ, ಅಜ್ಜಿ ಇನ್ನೂ ಚಪ್ಪಲೀನೇ ಹಾಕ್ಕೊಂಡಿಲ್ಲ, ತಡಿ," ಎಂದಳು. ಮಗಳು ನಿಲ್ಲಲಿಲ್ಲ. ನಾನು ಮೆಟ್ಟಿಲ ಕೆಳಗೆ ಬರಿಗಾಲಲ್ಲಿ ನಿಂತುಕೊಂಡೆ.

ಹತ್ತು ಗಂಟೆಗೆ ಅವನು ಹಣ್ಣಿನ ಚೀಲ ಹಿಡಿದು ಬಂದ. ಖಾಲಿ ಗೂಟಗಳನ್ನು ನೋಡಿದ, ಮಗುವಿನ ಚಪ್ಪಲಿ ಇಡುತ್ತಿದ್ದ ಜಾಗ ನೋಡಿದ. ಚೀಲವನ್ನು ಮೇಜಿನ ಮೇಲಿಟ್ಟು, ಬಾಗಿಲು ಹಾಕಿ ಚಿಲಕ ಸರಿಸಿ, ಕುರ್ಚಿಯನ್ನು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು ಕೂತ.

"ಎಲ್ಲಿ ಹೋದ್ರು ಅತ್ತೆ?"

"ಗೊತ್ತಿಲ್ಲ."

"ಹೇಳಿ. ನಾನೇನು ಹೊರಗಿನವನಾ?"

"ಗೊತ್ತಿಲ್ಲ."

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡ. ದನಿ ಇನ್ನೂ ಮೆತ್ತಗಿತ್ತು. "ಹೆತ್ತ ಮಗಳು ಎಲ್ಲಿದಾಳೆ ಅಂತ ಗೊತ್ತಿಲ್ಲದ ತಾಯಿ ಎಲ್ಲಾದ್ರೂ ಇರ್ತಾಳಾ?"

"ಇದಾಳೆ," ಎಂದೆ. "ನಿಮ್ಮೆದುರಿಗೇ ಕೂತಿದಾಳೆ, ಸರಿಯಾಗಿ ನೋಡ್ಕೊಳ್ಳಿ."