ಬಲಗಾಲು ಎತ್ತದ ಶಾಲೆ

ಹಗಲೆಲ್ಲ ಅವರು ಟೈಲರ್, ಸಂಜೆಯಾದರೆ ಕರಾಟೆ ಮೇಷ್ಟ್ರು. ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಶಾಲೆ. ಈಚೆಗೆ ಮಕ್ಕಳು ಎಷ್ಟು ತುಂಬಿಕೊಂಡಿದ್ದರೆಂದರೆ, ಒಬ್ಬ ಕೈ ಬೀಸಿದರೆ ಇನ್ನೊಬ್ಬನ ಮೂಗಿಗೆ ತಗಲುತ್ತಿತ್ತು. ಪಕ್ಕದ ಕೋಣೆಯ ಬೈಂಡಿಂಗ್‌ನವನು ಜಾಗ ಬಿಡುವುದು ಖಾತ್ರಿಯಾದಾಗ ಕಟ್ಟಡದ ಮಾಲೀಕರೇ ಬಂದು, "ನಡುವಿನ ಗೋಡೆ ಒಡೆಸಿಕೊಡ್ತೀನಿ, ತಗೊಂಡುಬಿಡಿ. ಭಾನುವಾರ ಹೇಳಿ," ಎಂದರು.

"ತಗೊಂಡ್ರೆ ಹೊಲಿಗೆ ಬಿಡಬೇಕಾಗುತ್ತೆ ಕಣೇ," ಎಂದರು ಮೇಷ್ಟ್ರು ಹೆಂಡತಿಯ ಹತ್ತಿರ.

"ಬಿಡ್ರೀ. ಬೇರೆಯವರ ಪ್ಯಾಂಟು ಗಿಡ್ಡ ಮಾಡಿ ಮಾಡಿ ನಿಮ್ಮ ಆಯಸ್ಸೇ ಗಿಡ್ಡ ಆಗ್ತಿದೆ."

ಮೇಷ್ಟ್ರಿಗೆ ಇದ್ದದ್ದು ಒಂದೇ ಅಳುಕು. ಅವರ ಎಡಗಣ್ಣಿನ ದೃಷ್ಟಿ ಹೋಗಿತ್ತು. ಹೋದದ್ದು ಮರಳಿ ಬರುವುದಿಲ್ಲ ಎಂದು ಡಾಕ್ಟರು ಕೈ ಚೆಲ್ಲಿದ್ದರು. ಈ ಸಂಗತಿಯನ್ನು ಅವರು ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಆದರೂ ಪ್ರತಿ ಸಂಜೆ ಕೊನೆಗೆ ದೊಡ್ಡ ಶಿಷ್ಯರು ಒಬ್ಬೊಬ್ಬರಾಗಿ ಅವರೆದುರು ಒಂದು ಸುತ್ತು ಆಡುವುದು ಆ ಶಾಲೆಯ ಪದ್ಧತಿ, ಮತ್ತು ಒಬ್ಬರಿಗೂ ಅವರನ್ನು ಮುಟ್ಟಲು ಆಗುತ್ತಿರಲಿಲ್ಲ. ಹಾಗಿದ್ದ ಮೇಲೆ ಒಂದು ಕಣ್ಣೇ ಧಾರಾಳ ಎಂದು ಮನಸ್ಸು ಗಟ್ಟಿಮಾಡಿಕೊಂಡಿದ್ದರು.

ಶನಿವಾರ ಕರಾಟೆ ಶಾಲೆಗಳ ನಡುವೆ ಪಂದ್ಯವಿತ್ತು. ಮೇಷ್ಟ್ರ ಮಕ್ಕಳು ಸಾಲಾಗಿ ಸೋತರು. ಸಣಕಲು ಮೈಗೆ ಕಡ್ಡಿ ಎಂದೇ ಹೆಸರಾದ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ, ಲಂಗ ಉಡುವ ವಯಸ್ಸಿನಿಂದ ಅವರ ಹತ್ತಿರ ಕಲಿತವಳು, ಅವರ ಕೈಯ ಚಿನ್ನ ಅನ್ನಿಸಿಕೊಂಡವಳು, ಅವಳೂ ಮೊದಲ ಸುತ್ತಿನಲ್ಲೇ ಮುಗ್ಗರಿಸಿದಳು.

ಗೆದ್ದ ಶಾಲೆಯ ಡೊಳ್ಳು ಹೊಟ್ಟೆಯ ಮೇಷ್ಟ್ರು ಇವರ ಹಳೆಯ ಗೆಳೆಯ. "ಏನಯ್ಯಾ, ನಿನ್ನ ಮಕ್ಕಳಿಗೆಲ್ಲ ಬಲಗಾಲು ಮನೇಲಿ ಬಿಟ್ಟು ಬನ್ನಿ ಅಂದಿದ್ಯಾ? ಒಬ್ಬರೂ ಎತ್ತಲ್ವಲ್ಲ! ನಮ್ಮ ಹುಡುಗರು ಅದನ್ನ ನೋಡ್ಕೊಂಡೇ ಗೆದ್ದರು," ಎಂದು ಬೆನ್ನು ತಟ್ಟಿ ಹೋದ.

ಮೇಷ್ಟ್ರು ಪಕ್ಕದಲ್ಲಿ ಚಪ್ಪಲಿ ಹುಡುಕುತ್ತಿದ್ದ ಪುಟ್ಟ ಹುಡುಗಿಯನ್ನು ಕೇಳಿದರು: "ನಿಂಗೆ ಬಲಗಾಲಲ್ಲಿ ಒದೆಯೋಕೆ ಬರಲ್ವೇನಮ್ಮಾ?"

"ಬರುತ್ತೆ ಮೇಷ್ಟ್ರೇ. ಸಾಲಲ್ಲಿ ನಿಂತಾಗ ಎತ್ತಬಹುದು. ಎದುರಿಗೆ ಯಾರಾದ್ರೂ ಇದ್ರೆ ಎತ್ತಬಾರದು. ಅದು ನಮ್ಮ ಶಾಲೆ ರೂಲ್ಸು."

"ಯಾರು ಮಾಡಿದ ರೂಲ್ಸು?"

ಹುಡುಗಿ ಕಡ್ಡಿಯ ಕಡೆ ನೋಡಿದಳು. ಕಡ್ಡಿ ತಲೆ ತಗ್ಗಿಸಿದಳು.

ಮಕ್ಕಳನ್ನೆಲ್ಲ ಮನೆಗೆ ಕಳಿಸಿ, ಮೇಷ್ಟ್ರು, ಕಡ್ಡಿ ಇಬ್ಬರೇ ಅಂಗಡಿಯ ಮೇಲಿನ ಕೋಣೆಗೆ ಬಂದರು.

"ನನ್ನ ಕಣ್ಣಿನ ವಿಷಯ ಯಾವಾಗಿಂದ ಗೊತ್ತು?"

"ಒಂದ್ಸಲ ನನ್ನ ಕಾಲು ನಿಮ್ಮ ಎಡಗಿವಿ ಹತ್ರ ತಂದು ನಿಲ್ಲಿಸಿದ್ದೆ. ನೀವು ರೆಪ್ಪೆ ಕೂಡ ಬಡಿಲಿಲ್ಲ ಮೇಷ್ಟ್ರೇ. ನಿಮಗೆ ಕಾಣಲಿಲ್ಲ. ನನ್ನ ಜೊತೆಯವರಿಗೆ ಹೇಳ್ದೆ. ಬಲಗಾಲು ಎತ್ತಿದ್ರೆ ಅವರ ಎಡಕ್ಕೇ ಬೀಳುತ್ತೆ, ಎತ್ತಬೇಡಿ ಅಂತ."

ಜೊತೆಯವರು ಚಿಕ್ಕವರಿಗೆ ಹೇಳಿದ್ದರು, ಚಿಕ್ಕವರು ಪುಟಾಣಿಗಳಿಗೆ. ಬಾಯಿಂದ ಬಾಯಿಗೆ ಬರುವಾಗ ಕಾರಣ ಎಲ್ಲೋ ಉದುರಿಹೋಗಿ ಕಟ್ಟಳೆ ಮಾತ್ರ ಉಳಿದಿತ್ತು.

"ಮುಟ್ಟೋಕಾಗದೆ ಸುಮ್ಮನಿದ್ದೀರಿ ಅಂದ್ಕೊಂಡಿದ್ದೆ," ಎಂದರು ಮೇಷ್ಟ್ರು. ನಗಲು ನೋಡಿದರು, ಬರಲಿಲ್ಲ. ಎದ್ದು ನಿಂತರು. "ಈಗ ಒದಿ. ಬಲಗಾಲು."

"ಬೇಡ ಮೇಷ್ಟ್ರೇ."

"ಒದಿ ಅಂದೆ."

ಕಾಲು ಅರ್ಧಕ್ಕೆ ಎದ್ದಿತು, ಯಾರದೋ ಕಾಲನ್ನು ಎರವಲು ತಂದಂತೆ ತಡವರಿಸಿತು. ಅದು ಮೇಷ್ಟ್ರಿಗೆ ಕಾಣಲಿಲ್ಲ. ಪಾದ ದೊಪ್ಪನೆ ನೆಲಕ್ಕೆ ಬಿದ್ದದ್ದು ಮಾತ್ರ ಕೇಳಿಸಿತು. ಕಡ್ಡಿ ಅಲ್ಲೇ ಕುಸಿದು ಕೂತು ಅತ್ತಳು. ಮೇಷ್ಟ್ರ ಎಷ್ಟೋ ವರ್ಷದ ದುಡಿಮೆ ಹೀಗೆ ನೆಲ ಹಿಡಿದಿತ್ತು, ಅದೂ ಅವರ ಮೇಲಿನ ಅಕ್ಕರೆಯಿಂದ. ಬೈಯೋಣವೆಂದರೆ ತಪ್ಪು ಮಾಡಿದವರು ಯಾರೂ ಇರಲಿಲ್ಲ.

ಭಾನುವಾರ ಮಾಲೀಕರಿಗೆ ಬೇಡವೆಂದು ಹೇಳಿ ಬಂದರು.

"ಕಣ್ಣಿಗೋಸ್ಕರಾನಾ?" ಎಂದಳು ಹೆಂಡತಿ.

"ನಿಂಗೂ ಗೊತ್ತಾ?"

"ರಸ್ತೇಲಿ ನಾನ್ಯಾಕೆ ಯಾವಾಗ್ಲೂ ನಿಮ್ಮ ಎಡಗಡೆಗೇ ಬರ್ತೀನಿ ಅಂದ್ಕೊಂಡ್ರಿ?"

ಮೇಷ್ಟ್ರು ಹೇಳಿದರು: "ನೀವೆಲ್ಲ ಸೇರಿ ನನ್ನ ಬೀಳದ ಹಾಗೆ ನೋಡ್ಕೊಂಡ್ರಿ. ಸರಿ. ಆದ್ರೆ ಇದೇ ಪ್ರೀತಿ ಇಟ್ಕೊಂಡು ದೊಡ್ಡ ಹಾಲ್ ಮಾಡಿದ್ರೆ, ಹಾಲ್ ತುಂಬ ಒಂಟಿಗಾಲಿನವರೇ ತಯಾರಾಗ್ತಾರೆ. ಪುಟಾಣಿಗಳಿಗೆ ನಿಲ್ಲೋದು, ಬೀಳೋದು ಕಲಿಸ್ತೀನಿ. ಅಷ್ಟು ಸಾಕು."

ಮರುದಿನ ದೊಡ್ಡ ಶಿಷ್ಯರನ್ನೆಲ್ಲ ಗೆಳೆಯನ ಶಾಲೆಗೆ ಸೇರಿಸಲು ಕರೆದುಕೊಂಡು ಹೋದರು. ಬಾಗಿಲಲ್ಲಿ ಕಡ್ಡಿ ಹಟ ಹಿಡಿದಳು, "ನಾನು ಬರಲ್ಲ. ನಿಮ್ಮನ್ನ ಬಿಟ್ಟು ಬೇರೆಯವರಿಗೆ ತಲೆ ಬಾಗಲ್ಲ."

"ತಲೆ ಬಾಗಬೇಡ, ಕಾಲೆತ್ತು. ಈ ಹೊಟ್ಟೆಯವನಿಗೆ ಎರಡೂ ಕಣ್ಣು ಚೆನ್ನಾಗಿವೆ, ದಾಕ್ಷಿಣ್ಯ ಬೇಡ."

ಗೆಳೆಯನಿಗೆ ಎಲ್ಲ ಹೇಳಿದರು. ಮಾತಿಗೆ ಮುಂಚೆ ತಮಾಷೆ ಮಾಡುವವನು ಅಂದು ಇವರ ಕೈ ಒತ್ತಿ ಹಿಡಿದ, ಆಮೇಲೆ ಒಳಗೆ ಹೋಗಿ ಕಡ್ಡಿಯನ್ನು ಎದುರಿಗೆ ಕರೆದ.

ಇನ್ನೊಬ್ಬರ ಪಾಠವನ್ನು ಇಣುಕಿ ನೋಡುವುದು ಮೇಷ್ಟ್ರಿಗೆ ಹಿಡಿಸದ ಕೆಲಸ. ಗೋಡೆಗೆ ಒರಗಿ ಹೊರಗೇ ನಿಂತರು. ಮೊದಲ ಒದೆತದ ಸದ್ದು ಪೊಳ್ಳಾಗಿತ್ತು. "ಮತ್ತೆ," ಎಂದಿತು ಗೆಳೆಯನ ದನಿ. ಎರಡನೆಯದೂ ಹಾಗೇ. ಬಹಳ ಹೊತ್ತಿನ ಮೇಲೆ ಒಂದು ಏಟು ಮೈಗೆ ಸರಿಯಾಗಿ ಬಿದ್ದ ಸದ್ದು ಬಂತು, ಜೊತೆಗೆ ಗೆಳೆಯ "ಅಯ್ಯಪ್ಪಾ!" ಎಂದದ್ದೂ ಕೇಳಿತು.

ಅದು ಕಡ್ಡಿಯ ಬಲಗಾಲೇ. ಮೇಷ್ಟ್ರು ಕಣ್ಣೊರೆಸಿಕೊಂಡು, ಒಳಗಿದ್ದವರಿಗೆ ಹೋಗಿಬರುತ್ತೇನೆಂದು ಕೂಡ ಹೇಳದೆ, ಒಬ್ಬರೇ ಮನೆಯ ದಾರಿ ಹಿಡಿದರು.