ತಿಂಗಳಿಗೆ ಎರಡು ಸೊನ್ನೆ

ನಾನು ಹೊರಗಾದ ದಿನ ಅತ್ತೆ ಗೋದಾಬಾಯಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಸೊನ್ನೆ ಸುತ್ತುತ್ತಾರೆ. ಮಡಿ ಅಡುಗೆಗೆ ಯಾರು, ಏಕಾದಶಿಯ ಮರುದಿನದ ಪಾರಣೆಗೆ ಯಾರು ಎಂಬುದೆಲ್ಲ ಆ ಸೊನ್ನೆಯ ಮೇಲೆ ತೀರ್ಮಾನ. ಸೊನ್ನೆ ಬಿದ್ದರೆ ಮೂರು ದಿನ ನಾನು ಒಲೆಯ ಹತ್ತಿರ ಸುಳಿಯುವ ಹಾಗಿಲ್ಲ. ಅವಮಾನ ಅನ್ನುವವರು ಅನ್ನಲಿ, ಈ ಮನೆಯಲ್ಲಿ ನನಗೆ ಸಿಗುವ ರಜೆ ಅದೊಂದೇ.

ನನ್ನ ನೋವಿಗೆ ಮಾತ್ರ ಅಷ್ಟು ಬುದ್ಧಿ ಇರಲಿಲ್ಲ. ಅದು ಬರುತ್ತಿದ್ದದ್ದು ಮುಟ್ಟಿಗೆ ಇನ್ನೂ ಎರಡು ವಾರ ಇರುವಾಗ. ಕಿಬ್ಬೊಟ್ಟೆಯ ಒಂದು ಬದಿ ಹಿಂಡಿ, ತೊಡೆಯವರೆಗೆ ಎಳೆದು, ಎರಡು ದಿನ ನಿಲ್ಲಲಾಗದ ಹಾಗೆ. ಎರಡು ಸಲ ಸ್ಕ್ಯಾನ್ ಮಾಡಿಸಿದರು, ಏನೂ ಇಲ್ಲ ಅಂದರು. ಗಂಡ ಶ್ರೀಪತಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು, "ಗ್ಯಾಸ್ ಇರಬೇಕು, ಸೋಡಾ ಕುಡಿ" ಅನ್ನುತ್ತಿದ್ದ. ಏನೂ ಇಲ್ಲದ ನೋವಿಗೆ ರಜೆ ಕೊಡುವವರು ಯಾರು?

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ, ಮಡಿಸೀರೆ ಉಟ್ಟು ಒಲೆಯ ಮುಂದೆ ನಿಂತವಳಿಗೆ ಆ ನೋವಿನಲ್ಲಿ ಸಾಕಾಗಿಹೋಯಿತು. "ಅತ್ತೀ, ನಾ ಹೊರಗಾದೆ" ಅಂದುಬಿಟ್ಟೆ. ಅತ್ತೆ ಸೊನ್ನೆ ಸುತ್ತಿ, ನೋಯುವ ಮಂಡಿ ಹಿಡಿದುಕೊಂಡು ತಾವೇ ಅಡುಗೆಗೆ ನಿಂತರು. ನಾನು ಮೂಲೆಯ ಚಾಪೆಯ ಮೇಲೆ ನಾಚಿಕೆಗೆಟ್ಟವಳ ಹಾಗೆ ನಿದ್ದೆ ಮಾಡಿದೆ. ಆಮೇಲೆ ಅದೇ ರೂಢಿಯಾಯಿತು. ಐದು ತಿಂಗಳು, ತಿಂಗಳಿಗೆ ಎರಡು ಸೊನ್ನೆ.

ಗಾಬರಿಯಾದದ್ದು ಅತ್ತೆಗೆ. ಕ್ಯಾಲೆಂಡರನ್ನೇ ಸುತ್ತಿ ಚೀಲದಲ್ಲಿಟ್ಟುಕೊಂಡು ನನ್ನನ್ನು ಡಾಕ್ಟರ್ ಸುಕನ್ಯಾ ಅವರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರ್ ಒಂದೊಂದೇ ಹಾಳೆ ತಿರುವಿದರು.

"ವಯಸ್ಸು ಮೂವತ್ತೊಂಬತ್ತು. ಹದಿನೈದು ದಿನಕ್ಕೊಮ್ಮೆ ಬ್ಲೀಡಿಂಗ್. ಹಂಗ ಬಿಡಬಾರದ್ರೀ. ಗರ್ಭಕೋಶದಾಗಿಂದ ಒಂದು ತುಣುಕು ತಗದು ಟೆಸ್ಟಿಗೆ ಕಳಸೋಣ."

"ಕ್ಯಾನ್ಸರ್ ಏನ್ರೀ?" ಅತ್ತೆ ಕುರ್ಚಿಯ ಅಂಚಿಗೆ ಸರಿದು ಕೇಳಿದರು.

ಸುಮ್ಮನಿದ್ದರೆ ಇಲ್ಲದ ರೋಗಕ್ಕೆ ಕತ್ತರಿ. ಬಾಯಿ ಬಿಟ್ಟರೆ ಮನೆಯಲ್ಲಿ ತಲೆ ಎತ್ತುವ ಹಾಗಿಲ್ಲ. ನನಗೆ ಅಳು ಬಂತು.

"ಎರಡನೇ ಸೊನ್ನಿ ಎಲ್ಲಾ ಸುಳ್ಳು, ಡಾಕ್ಟರ್. ಆ ದಿನ ರಕ್ತ ಹೋಗಿಲ್ಲ, ಬರೇ ನೋವು. ಕುಂದ್ರಲಿಕ್ಕೆ ಸಿಗತದಂತ ಸುಳ್ಳು ಹೇಳೀನಿ."

ಡಾಕ್ಟರ್ ಮತ್ತೆ ಮೊದಲ ಹಾಳೆಗೆ ಹೋದರು. "ಹಂಗಾದ್ರ ಈ ನೋವು ಅಂಡ ಬಿಡೋ ಹೊತ್ತಿಗೇ ಬರಾಕತ್ತದ. ಅದರಿಂದನ ಬರತದಂತ ಇವತ್ತ ಖಾತ್ರಿ ಹೇಳಾಕ ಆಗಂಗಿಲ್ಲ. ಮೂರು ತಿಂಗಳು ಖರೇ ತಾರೀಖು ಬರದು ತರ್ರಿ. ಈಗ ತುಣುಕು ತಗಿಯೋದು ಬ್ಯಾಡ."

ಮನೆಗೆ ಬಂದು ಅತ್ತೆ ಕ್ಯಾಲೆಂಡರನ್ನು ಮೊಳೆಗೆ ಹಾಕಿ, ಪೆನ್ಸಿಲ್ ತೆಗೆದುಕೊಂಡು ನನ್ನ ಕಡೆ ತಿರುಗಿದರು.

"ಐದು ತಿಂಗಳು ಈ ಮಂಡಿ ಕಟ್ಟಿಕೊಂಡು ನಿಂತೀನಿ ನಾನು. ಖರೇ ಹೇಳಿದ್ರ ನಿನ್ನ ಕೂಡಸ್ತಿದ್ದಿಲ್ಲೇನು?"

ನಾನು ಮೂಲೆಯ ಚಾಪೆ ಬಿಡಿಸಿ ಕೂತೆ. ಅತ್ತೆ ಪೆನ್ಸಿಲಿನ ತುದಿಯಿಂದ ಸೊನ್ನೆಗಳನ್ನು ಒಂದೊಂದಾಗಿ ಎಣಿಸಿದರು.

"ಇಲ್ಲ" ಅಂದರು ಕಡೆಗೆ. "ಕೂಡಸ್ತಿದ್ದಿಲ್ಲ."