ಹೋಳಿಗೆ ಒಲೆಯಲ್ಲಿ ಕಾದ ತಮಟೆ

ನಾನು ಒಂದು ತಮಟೆ. ಹತ್ತಿರ ಬಂದು ಮುಟ್ಟಬೇಡಿ. ಯಾಕೆ ಬಂದಿರಿ ಅಂತ ಮೊದಲು ಹೇಳಿ. ಹೀಗೆ ಕೇಳುವುದು ನನ್ನ ಹುಟ್ಟುಗುಣ, ತಪ್ಪು ತಿಳಿದರೆ ತಿಳಿದುಕೊಳ್ಳಿ.

ನನ್ನನ್ನು ಮಾಡಿದವನು ದೊಡ್ಡಮಾದಯ್ಯ, ಕೊಳ್ಳೇಗಾಲದ ಕಡೆಯ ಒಂದು ಊರಿನ ಕೊನೆಯ ಬೀದಿಯವನು. ಸತ್ತ ಕರುವಿನ ಚರ್ಮ ತಂದು ನೆನೆಹಾಕಿದ, ಕೂದಲು ಹೆರೆದ, ಕಬ್ಬಿಣದ ಬಳೆಗೆ ಎಳೆದು ಕೂರಿಸಿ ಹುಣಸೆಬೀಜದ ಅಂಟು ಹಾಕಿ ಬಿಸಿಲಿಗಿಟ್ಟ. ಒಣಗಿದ ಮೇಲೆ ಮುದ್ದು ಮಾಡುತ್ತಾನೆ ಅಂದುಕೊಂಡೆ. ಅವನು ಹುಲ್ಲಿಗೆ ಬೆಂಕಿ ಹಚ್ಚಿ ನನ್ನ ಮುಖವನ್ನು ಅದರ ಮೇಲೆ ಹಿಡಿದ! ಆಮೇಲೆ ಕೋಲು ತೆಗೆದುಕೊಂಡು ಬಾರಿಸಿದ. ತಮಟೆಯ ಬಾಳೇ ಇಷ್ಟು. ಚರ್ಮ ತಂಪಾದರೆ ದನಿ ಸತ್ತುಹೋಗುತ್ತದೆ, ಬೆಂಕಿಗೆ ಹಿಡಿದರೆ ಬಿಗಿಯಾಗಿ ಮತ್ತೆ ಕೂಗುತ್ತದೆ. ಬಾಯಿ ತೆರೆಯಬೇಕಾದರೆ ಮೊದಲು ಸುಡಿಸಿಕೊಳ್ಳಬೇಕು. ಇಂಥ ಜನ್ಮ ಸಿಕ್ಕವರು ಯಾರನ್ನು ನಂಬುತ್ತಾರೆ, ನೀವೇ ಹೇಳಿ.

ದೊಡ್ಡಮಾದಯ್ಯನ ಹೆಗಲಿಗೆ ಬಿದ್ದು ನಾನು ಊರಿನ ಮದುವೆಗಳನ್ನೆಲ್ಲ ನೋಡಿದೆ. ನೋಡಿದೆ ಅಂದರೆ ಬಾಗಿಲವರೆಗೆ ನೋಡಿದೆ. ಮೆರವಣಿಗೆ ನನ್ನ ಹಿಂದೆಯೇ ಊರೆಲ್ಲ ಸುತ್ತಿ ಚಪ್ಪರಕ್ಕೆ ಬರುತ್ತಿತ್ತು. ಗಂಡು ಒಳಗೆ ಹೋಗುತ್ತಿದ್ದ, ನೆಂಟರು ಹೋಗುತ್ತಿದ್ದರು, ಅವರ ಮಕ್ಕಳ ಬಲೂನೂ ಹೋಗುತ್ತಿತ್ತು. ನಮ್ಮ ದಾರಿ ಅಲ್ಲಿಗೆ ಮುಗಿಯುತ್ತಿತ್ತು. ಒಮ್ಮೆ ನೆತ್ತಿ ಸುಡುವ ಬಿಸಿಲಿನಲ್ಲಿ ಬಾರಿಸಿ ಬಾರಿಸಿ ಸುಸ್ತಾದ ದೊಡ್ಡಮಾದಯ್ಯ ಚಪ್ಪರದ ನೆರಳಿಗೆ ಒಂದು ಹೆಜ್ಜೆ ಇಟ್ಟ.

"ಏಯ್, ಅಲ್ಲೇ ನಿಂತ್ಕಳೋ," ಎಂದರು ಒಳಗಿನಿಂದ ಯಾರೋ.

ಅವನು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದ. ಬಾರಿಸುತ್ತಿದ್ದುದನ್ನು ಅರ್ಧಕ್ಕೇ ನಿಲ್ಲಿಸಿ ಮನೆಗೆ ಬಂದು ನನ್ನನ್ನು ಮೊಳೆಗೆ ನೇತುಹಾಕಿದ. ಊರಿನವರು ಕರೆಯಲು ಬಂದರು, ಗದರಿಸಿ ಹೋದರು, ಆಮೇಲೆ ಬ್ಯಾಂಡ್‌ಸೆಟ್ಟು ತರಿಸಿಕೊಂಡರು. ನನ್ನ ಮೇಲೆ ಜೇಡ ಬಲೆ ಕಟ್ಟಿತು. ಅದರ ಮೇಲೂ ನನಗೆ ಅನುಮಾನವೇ ಇತ್ತು.

ನನ್ನನ್ನು ಕೆಳಗಿಳಿಸಿದವಳು ಅವನ ಸೊಸೆ ಶಿವನಾಗಮ್ಮ. ಹೆಂಗಸರ ಸಂಘದಲ್ಲಿ ಕೋಲಾಟ ಕಲಿತಿದ್ದಳು, ಅದು ಸಾಲದೆ ತಮಟೆ ಕಲಿಯುವ ಹುಚ್ಚು ಹತ್ತಿಸಿಕೊಂಡಿದ್ದಳು. ಮಾವ ದನ ಹೊಡೆದುಕೊಂಡು ಹೋದ ಹೊತ್ತು ನೋಡಿ ಬಾರಿಸುತ್ತಿದ್ದಳು. ತಮಟೆ ಬಾರಿಸಿ ಗುಟ್ಟು ಕಾಪಾಡುವುದುಂಟೇ? ಒಂದು ದಿನ ಅವನು ಅರ್ಧ ದಾರಿಯಿಂದಲೇ ವಾಪಸ್ಸು ಬಂದ.

"ಯಾರವ್ವ ಅದ ಮುಟ್ಟುದ್ದು?"

"ನಾನೇ ಕನ ಮಾವ. ಹೆಂಗಸ್ರು ಮುಟ್ಬಾರ್ದಾ?"

"ಹೆಂಗಸ್ರು ಅಂತ ಯಾರಂದ್ರು? ಯಾರೂ ಮುಟ್ಬಾರ್ದು."

ಅವಳು ತಲೆ ತಗ್ಗಿಸಿ ಮತ್ತೆ ಬಾರಿಸತೊಡಗಿದಳು. ಅವನು ಬೈಯಬೇಕೆಂದು ಬಾಯಿ ತೆರೆದವನು ಅವಳ ಕೈಯನ್ನೇ ನೋಡುತ್ತ ನಿಂತ. ಕೊನೆಗೆ ತಡೆಯಲಾಗಲಿಲ್ಲ.

"ಆ ಗಿಡ್ಡ ಕೋಲ ಯಾಕಂಗ್ ಹಿಡ್ಕಂಡಿದ್ದೈ, ಮುದ್ದೆ ತಿರುವೋಳಂಗೆ? ತತ್ತಾ ಇಲ್ಲಿ."

ಅವತ್ತಿನಿಂದ ಅವನೇ ಕಲಿಸಿದ. ಸಂಘದ ಇನ್ನೂ ಕೆಲವು ಹೆಂಗಸರು ಸೇರಿಕೊಂಡರು, ಹೊಸ ತಮಟೆಗಳು ಬಂದವು. ಅವುಗಳಲ್ಲಿ ಹಿರಿಯ ನಾನೇ.

ಒಂದು ದಿನ ಕಾರೊಂದು ಬಂತು. ಇಳಿದವರು ಹೇಮಲತಾ ಮೇಡಂ, ತಾಲ್ಲೂಕಿನ ಮಹಿಳಾ ಮೇಳ ನಡೆಸುವವರು. "ಸ್ಥಳೀಯ ಕಲಾವಿದೆಯರಿಗೆ ವೇದಿಕೆ ಕೊಡಬೇಕು ಅನ್ನೋದು ನಮ್ಮಾಸೆ," ಎಂದರು. ವೇದಿಕೆ ಎನ್ನುವಾಗ ಅವರ ಕಣ್ಣು ಕೈಗಡಿಯಾರದ ಮೇಲಿತ್ತು. ನಾನು ಗಮನಿಸಿದೆ. ಶಿವನಾಗಮ್ಮ ಗಮನಿಸಲಿಲ್ಲ, ಖುಷಿಯಲ್ಲಿದ್ದಳು.

ಕಾರು ಹೋದ ಮೇಲೆ ದೊಡ್ಡಮಾದಯ್ಯ ಹೇಳಿದ, "ಸ್ಟೇಜ್ ಮ್ಯಾಲೆ ವಡಿಯದಾದ್ರೆ ತಕ್ಕೊಂಡೋಗು. ಬಾಗ್ಲಲ್ಲಿ ನಿಂತ್ಕಂಡು ವಡುದ್ರೆ ಆ ತಮಟೆ ತಿರ್ಗ ನನ್ ಮನೆಗ್ ಬರಕೂಡ್ದು."

"ಬಾಗ್ಲಲ್ಲಿ ಯಾಕ್ ನಿಂತ್ಕಳ್ಳವು? ಮಾತ್ ಕೊಟ್ಟವರೆ ಮಾವ."

ಅವನು ನನ್ನ ಕಡೆ ನೋಡಿದ. ಮಾತು ಕೊಟ್ಟ ಬಹಳ ಮಂದಿಯನ್ನು ನಾವಿಬ್ಬರೂ ನೋಡಿದ್ದೆವು.

ಮೇಳ ನಡೆದದ್ದು ಪಟ್ಟಣದ ಸಮುದಾಯ ಭವನದಲ್ಲಿ. ಒಳಗೆ ಸುತ್ತಲೂ ಹೆಂಗಸರ ಅಂಗಡಿಗಳು: ಹಪ್ಪಳ, ಸೆಣಬಿನ ಚೀಲ, ಚಾಪೆ, ಉಪ್ಪಿನಕಾಯಿ. ಗೇಟಿಗೆ ಬಾಳೆಕಂಬ ಕಟ್ಟಿದ್ದರು. ಮೇಡಂ ಓಡಿ ಬಂದು ಶಿವನಾಗಮ್ಮನ ಹೆಗಲು ಹಿಡಿದು ಫೋಟೋ ತೆಗೆಸಿಕೊಂಡರು. ಹೆಗಲಿನ ಮೇಲಿದ್ದ ಕೈಯಲ್ಲೇ ಅವಳನ್ನು ಮೆಲ್ಲಗೆ ಬಾಳೆಕಂಬದ ಪಕ್ಕಕ್ಕೆ ತಳ್ಳಿದರು.

"ಇಲ್ಲೇ ಇರಿ. ಅತಿಥಿಗಳು ಕಾರಿಂದ ಇಳಿದ ತಕ್ಷಣ ಜೋರಾಗಿ ಶುರು ಮಾಡಿ. ಅವರು ಒಳಗೆ ಹೋದ್ಮೇಲೆ ನಿಲ್ಲಿಸಿಬಿಡಿ."

"ಸ್ಟೇಜ್ ಮ್ಯಾಲೆ ಅಂದಿದ್ರಲ್ಲ ಮೇಡಂ?"

"ಟೈಮ್ ಇದ್ರೆ ನೋಡೋಣ."

ಚಪ್ಪರ ಹೋಗಿ ಸಮುದಾಯ ಭವನ ಬಂದಿತ್ತು, ಅಷ್ಟೇ ವ್ಯತ್ಯಾಸ. ನನಗೆ ಮೈಯೆಲ್ಲ ಉರಿದುಹೋಯಿತು. ಶಿವನಾಗಮ್ಮ ಒಪ್ಪಿಬಿಡುತ್ತಾಳೆ ಅಂತಲೇ ನನ್ನ ಅನುಮಾನ. ಇಷ್ಟು ದೂರ ಬಂದಿದ್ದಾಳೆ, ಒಳ್ಳೆ ಸೀರೆ ಉಟ್ಟಿದ್ದಾಳೆ, ಫೋಟೋ ಬೇರೆ ಆಗಿದೆ. ಅವಳ ಕೈಯ ಬೆವರು ನನ್ನ ಬಳೆಗೆ ತಾಗುತ್ತಿತ್ತು. ಆಮೇಲೆ ಅವಳು ನನ್ನನ್ನು ತಿರುಗಿಸಿ ಬೆನ್ನಿಗೆ ಹಾಕಿಕೊಂಡಳು.

"ಗೇಟಲ್ಲಿ ವಡಿಯಲ್ಲ ಮೇಡಂ."

"ಅಯ್ಯೋ, ಇದು ಗೌರವದ ಕೆಲಸ ಅಲ್ವಾ? ಸ್ವಾಗತ!"

ಜೊತೆಗೆ ಬಂದಿದ್ದ ತಂಡದ ಚೆಲುವಾಜಿಗೆ ಬಾಯಿ ಸುಮ್ಮನಿರುವುದಿಲ್ಲ. "ಗೇಟ್‌ಗೆ ಕರೆಗಂಟೆ ಹಾಕ್ಸಿ ಮೇಡಂ. ಬಂದೋರು ಒತ್ಲಿ, ಅದೇ ಬಡ್ಕತದೆ," ಎಂದಳು.

ಅತಿಥಿಗಳು ಸಪ್ಪೆಯಾಗಿ ಇಳಿದರು, ಸಪ್ಪೆಯಾಗಿ ಒಳಗೆ ಹೋದರು. ಮೇಡಂ ನಮ್ಮ ಕಡೆ ನೋಡಿದ ನೋಟದಲ್ಲಿ ನನಗೆ ಚರ್ಮ ಕೊಟ್ಟ ಆ ಕರುವನ್ನು ಇನ್ನೊಮ್ಮೆ ಸುಲಿಯಬಹುದಿತ್ತು. ನಮ್ಮನ್ನು ಕೊನೆಯ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲೇ ನೀರು ತುಂಬಿದ ದೊಡ್ಡ ಕೂಲರು, ಬುಸುಬುಸು ಅಂತ ನೇರವಾಗಿ ನನ್ನ ಮುಖಕ್ಕೇ ಒದ್ದೆ ಗಾಳಿ. ಅದನ್ನು ಬೇಕಂತಲೇ ನಮ್ಮ ಕಡೆ ತಿರುಗಿಸಿದ್ದರು ಅಂತ ನಾನು ಇವತ್ತಿಗೂ ಹೇಳುತ್ತೇನೆ. ಪ್ರಾರ್ಥನೆ, ಭಾಷಣ, ಹಾರ, ಮತ್ತೆ ಭಾಷಣ. ನನ್ನ ಚರ್ಮ ಹಳೇ ಗೋಣಿಚೀಲದ ಹಾಗೆ ಜೋತುಬಿತ್ತು.

ಅತಿಥಿಗಳು ಎದ್ದುಹೋದರು. ಜನ ಅಂಗಡಿಗಳ ಕಡೆ ಚದುರಿದರು. ಆಗ ಮೈಕಿನಲ್ಲಿ ಮೇಡಂ, "ಆ ತಮಟೆಯವರು ಇದ್ರೆ ಬೇಗ ಬಂದು ಮುಗಿಸಿಬಿಡಿ," ಎಂದರು.

ಶಿವನಾಗಮ್ಮ ನನ್ನ ಮೇಲೆ ಬೆರಳು ತಟ್ಟಿದಳು. ದಬ್. ಕೆಸರಿಗೆ ಕಲ್ಲು ಬಿದ್ದ ಹಾಗೆ. ಮಿಕ್ಕ ತಮಟೆಗಳೂ ಹಾಗೇ. ಆ ಸದ್ದಿನಲ್ಲಿ ಸ್ಟೇಜು ಹತ್ತಿದರೆ ನಗೆಪಾಟಲು, ಹತ್ತದಿದ್ದರೆ ಮಾವನಿಗೆ ಹೇಳಲು ಮಾತಿಲ್ಲ. ಹೆಂಗಸರೆಲ್ಲ ನಮ್ಮನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದರು. ಕಾಗದ ಗುಡ್ಡೆ ಹಾಕಿ ಕಡ್ಡಿ ಗೀರುವಷ್ಟರಲ್ಲಿ ವಾಚ್‌ಮನ್ನು ಬಂದು ಚಪ್ಪಲಿಯಲ್ಲಿ ತುಳಿದ. "ಶಾಮಿಯಾನ ಹತ್ಕೊಂಡ್ರೆ ಯಾರ್ ಕೊಡೋರು?"

ಒಳಗಿನಿಂದ ಮತ್ತೆ ಮೈಕು: "ಇನ್ನೂ ರೆಡಿ ಇಲ್ವಾ? ಹಾಗಾದ್ರೆ ಮುಂದಿನ ವರ್ಷ ನೋಡೋಣ."

ಅಂಗಳದ ಮೂಲೆಯಲ್ಲಿ, ಶೌಚಾಲಯದ ಪಕ್ಕ, ಹೋಳಿಗೆ ಅಂಗಡಿಯೊಂದಿತ್ತು. ದೊಡ್ಡ ಗ್ಯಾಸ್ ಒಲೆ, ಅದರ ಮೇಲೆ ಹೆಂಚು. ನಡೆಸುತ್ತಿದ್ದವಳು ಗೌರಮ್ಮಣ್ಣಿ, ವಯಸ್ಸಾದ ಹೆಂಗಸು, ಹಣೆ ತುಂಬ ವಿಭೂತಿ. ಶಿವನಾಗಮ್ಮ ಅವಳ ಮುಂದೆ ಹೋಗಿ ನಿಂತಾಗ ನಾನು ಬಳೆಯೊಳಗೇ ಮುದುಡಿಕೊಂಡೆ. ಸತ್ತ ಕರುವಿನ ಚರ್ಮ, ತುಪ್ಪದ ಹೋಳಿಗೆ. ಉತ್ತರ ಕೇಳಬೇಕಾಗಿಯೇ ಇರಲಿಲ್ಲ.

"ಅವ್ವಾ, ಒಂದ್ ಗಳಿಗೆ ಒಲೆ ಕೊಟ್ಟೀರಾ? ತಮಟೆ ಕಾಯಿಸ್ಬೇಕು."

ಸಾಲಿನಲ್ಲಿ ನಿಂತಿದ್ದವನೊಬ್ಬ ತಕ್ಷಣ ಬಾಯಿ ಹಾಕಿದ, "ರೀ, ತಿನ್ನೋ ಪದಾರ್ಥ ಮಾಡೋ ಒಲೆ ಅದು!"

ಗೌರಮ್ಮಣ್ಣಿ ನನ್ನನ್ನು ನೋಡಿದಳು. ಅವನನ್ನು ನೋಡಿದಳು.

"ಒಲೆ ನಂದು ಕಣಪ್ಪ. ಹೋಳಿಗೆ ಬೇಕಂದ್ರೆ ನಿಂತ್ಕೊ, ಬ್ಯಾಡಂದ್ರೆ ದಾರಿ ಬುಡು," ಎಂದು ಬಟ್ಟೆ ಹಿಡಿದು ಹೆಂಚು ಇಳಿಸಿದಳು. "ಹಿಡಿಯವ್ವ. ದೂರ, ದೂರ! ಸುಟ್ಗಿಟ್ಟೀಯ."

ಯಾಕೆ ಕೊಟ್ಟಳು? ಶೌಚಾಲಯದ ಪಕ್ಕ ಜಾಗ ಕೊಟ್ಟ ಮೇಡಂ ಮೇಲಿನ ಸಿಟ್ಟಿಗೇ ಇರಬೇಕು ಅಂತ ನಾನು ಲೆಕ್ಕ ಹಾಕಿದೆ. ಒಳ್ಳೆಯದು ಸುಮ್ಮಸುಮ್ಮನೆ ಆಗುತ್ತದೆ ಅಂತ ನಂಬುವ ಜಾತಿಯವನಲ್ಲ ನಾನು. ಆದರೆ ನೀಲಿ ಉರಿಯ ಮೇಲೆ ನನ್ನ ಚರ್ಮ ಟಣ್ ಟಣ್ ಅಂತ ಬಿಗಿಯುತ್ತಿತ್ತು. ಒಂದಾದ ಮೇಲೊಂದು ಎಲ್ಲ ತಮಟೆಗಳೂ ಕಾದವು.

ನಾವು ಸ್ಟೇಜು ಹತ್ತುವಾಗ ಮೈಕಿನವನು ವೈರು ಸುತ್ತುತ್ತಿದ್ದ. "ಮೈಕ್ ಬಿಚ್ಚಾಯ್ತು, ಇಳೀರಿ," ಎಂದ.

"ಕಿವಿ ಮುಚ್ಕಳಪ್ಪ," ಎಂದಳು ಚೆಲುವಾಜಿ.

ಶಿವನಾಗಮ್ಮ ಮೊದಲ ಪೆಟ್ಟು ಹಾಕಿದಳು. ಕಿಟಕಿಯ ಗಾಜು ಅದುರಿತು. ಹಪ್ಪಳದವರು ಹಪ್ಪಳ ಬಿಟ್ಟು ಬಂದರು, ಚಾಪೆಯವರು ಬಂದರು. ಗೇಟಿನ ತನಕ ಹೋಗಿದ್ದ ಹೆಂಗಸರು ಮಕ್ಕಳ ಕೈ ಎಳೆದುಕೊಂಡು ಓಡೋಡಿ ವಾಪಸ್ಸು ಬಂದರು. ಮೇಡಂ ಕೈಗಡಿಯಾರ ತೋರಿಸಿದರು. ಯಾರೂ ನೋಡಲಿಲ್ಲ.

ಮನೆಗೆ ಬಂದಾಗ ದೊಡ್ಡಮಾದಯ್ಯ ಜಗಲಿಯ ಮೇಲೆ ಕೂತಿದ್ದ.

"ಎಲ್ಲಿ ವಡುದ್ರಿ?"

"ಸ್ಟೇಜ್ ಮ್ಯಾಲೇ ಮಾವ."

ಅವನು ನಂಬಲಿಲ್ಲ. ನನ್ನನ್ನು ಕಿತ್ತುಕೊಂಡು ಮುಖದ ಹತ್ತಿರ ಹಿಡಿದು ಮೂಸಿದ. "ಇದೇನವ್ವ, ಬೆಲ್ಲ ತುಪ್ಪದ ವಾಸ್ನೆ?"

"ಹೋಳಿಗೆ ಒಲೇಲಿ ಕಾಯಿಸ್ದೊ. ಗೌರಮ್ಮಣ್ಣಿ ಅಂತ, ಈಬೂತಿ ಇಕ್ಕಂಡಿದ್ರು, ಅವರೇ ಕೊಟ್ರು."

"ಅವ್ರ ಒಲೆ? ಅವ್ರೇ ಕೊಟ್ರಾ?" ಅವನು ನನ್ನನ್ನು ಇನ್ನೊಮ್ಮೆ ಮೂಸಿದ. ಆಮೇಲೆ ಕೇಳಿದ, "ನೀವ್ ಕಾಯಿಸ್ಕಂಡ್ ಬಂದ ಮ್ಯಾಲೆ ಒಲೆ ತೊಳ್ದರಾ?"

"ನೋಡ್ನಿಲ್ಲ ಮಾವ."

"ಅದ್ನೇ ಅಲ್ವೇನವ್ವ ನೋಡ್ಬೇಕಾದ್ದು!"

"ಸ್ಟೇಜ್ ಮ್ಯಾಲಿದ್ನಲ್ಲ. ಯಂಗ್ ನೋಡ್ಲಿ?"

ಅವನು ನನ್ನನ್ನು ಒಳಗೆ ಕೊಂಡೊಯ್ದ.

ಈಗ ದೊಡ್ಡಮಾದಯ್ಯ ಇಲ್ಲ. ನನ್ನ ಅಂಚು ಹರಿದಿದೆ, ಬೆಂಕಿಗೆ ಹಿಡಿದರೆ ಸುಟ್ಟೇ ಹೋಗುತ್ತೇನೆ. ಸಂಘದ ಕೋಣೆಯ ಮೂಲೆಯಲ್ಲಿ ಒರಗಿಸಿದ್ದಾರೆ. ಹೊಸದಾಗಿ ಬಂದಿರುವ ಪ್ಲಾಸ್ಟಿಕ್ ತಮಟೆಗಳಿಗೆ ಉರಿಯೇ ಬೇಕಿಲ್ಲವಂತೆ, ಅವುಗಳ ಮೇಲೂ ನನಗೊಂದು ಕಣ್ಣಿದೆ. ಕಾರಿನ ಸದ್ದಾದರೆ ಇವತ್ತಿಗೂ ಬಂದವರು ಯಾರು, ಎಲ್ಲಿ ನಿಲ್ಲಿಸುತ್ತಾರೆ ಅಂತ ಕಿವಿ ನಿಮಿರುತ್ತದೆ. ಆ ಒಲೆಯ ಯೋಚನೆಯೂ ಬರುತ್ತದೆ. ಗೌರಮ್ಮಣ್ಣಿ ತೊಳೆದಿದ್ದರೂ ತೊಳೆದಿರಬಹುದು, ಅರಿಸಿನದ ನೀರೇ ಚಿಮುಕಿಸಿರಬಹುದು. ತೊಳೆಯದೆಯೂ ಇರಬಹುದು. ಎಲ್ಲರ ಬೆನ್ನ ಹಿಂದೆಯೂ ಇಣುಕಿ ನೋಡುವ ನಾನು ಅವತ್ತು ತಿರುಗಿ ನೋಡಲಿಲ್ಲ. ನನಗೆ ಕೂಗುವ ಕೆಲಸವಿತ್ತು.